ಜೈಲಿನಲ್ಲಿರುವ ಹೆಂಗಸರನ್ನು ಹೊರಗಿನವರು ಯಾರಾದರೂ ಹೋಗಿ ನೋಡುತ್ತಾರಾ?

ನಿಮ್ಮ ಪ್ರಶ್ನೆ ಓದಿದೆ. ಪೊನ್ನಂಪೇಟೆ ಕಡೆಯ ನಿಮ್ಮ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದ ಎರವ ಬುಡಕಟ್ಟಿನ ಹೆಂಗಸೊಬ್ಬರು ಎರಡು ತಿಂಗಳಿಂದ ಜೈಲಿನಲ್ಲಿದ್ದಾರೆ, ಮಗುವೂ ಜೊತೆಗಿದೆ, ಕೇಸು ಇನ್ನೂ ನಡೆಯುತ್ತಿದೆ. ಒಳಗೆ ಅವರನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಜೈಲಿನವರನ್ನು ಬಿಟ್ಟು ಬೇರೆ ಯಾರಾದರೂ ನೋಡುತ್ತಾರಾ ಎಂದು ಕೇಳಿದ್ದೀರಿ.

ನೋಡಬೇಕು ಅಂತ ಕಾನೂನಿದೆ. ನೋಡುವ ಅಧಿಕಾರ ಇರುವವರೂ ಇದ್ದಾರೆ. ಆದರೆ ಜೈಲಿಗೆ ಹೋಗಿ ಬರುವುದು ಬೇರೆ, ಆ ಹೆಂಗಸಿನ ಮಾತು ಕೇಳಿಸಿಕೊಂಡು ಬರುವುದು ಬೇರೆ.

ನಾನು ವಕೀಲೆ. ಮಡಿಕೇರಿಗೆ ಬರುವ ಮೊದಲು ಮಲೆನಾಡಿನ ಇನ್ನೊಂದು ಜಿಲ್ಲೆಯಲ್ಲಿ ಉಚಿತ ಕಾನೂನು ನೆರವಿನ ಕೆಲಸಕ್ಕೆ ಜೈಲಿಗೆ ಹೋಗುತ್ತಿದ್ದೆ. ಮೊದಲ ಸಲ ನಾವು ಬರುವ ದಿನ ಅವರಿಗೆ ಮುಂಚೆಯೇ ಗೊತ್ತಿತ್ತು. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ್ದರು. ಏಳು ಜನ ಹೆಂಗಸರು ಸಾಲಾಗಿ ನಿಂತಿದ್ದರು, ಪಕ್ಕದಲ್ಲೇ ವಾರ್ಡರ್, ಅಂದರೆ ಜೈಲಿನ ಕಾವಲಿನವರು. "ಏನಾದರೂ ತೊಂದರೆ ಇದೆಯಾ?" ಅಂದೆ. "ಏನೂ ಇಲ್ಲ ಮೇಡಂ" ಅಂದರು. ನಾನು ಅದನ್ನೇ ಬರೆದುಕೊಂಡು ಬಂದೆ.

ಮುಂದಿನ ಸಲ ಜುಲೈ ತಿಂಗಳು. ದಾರಿಗೆ ಮರ ಬಿದ್ದು ಗೊತ್ತು ಮಾಡಿದ ದಿನ ಹೋಗಲಾಗಲಿಲ್ಲ. ಮರುದಿನ ಹೇಳದೆ ಹೋದೆ. ಮಾತಾಡುತ್ತಿರುವಾಗ ವಾರ್ಡರ್‌ಗೆ ಗೇಟಿನಲ್ಲಿ ಏನೋ ಕೆಲಸ ಬಿತ್ತು. ಹತ್ತು ನಿಮಿಷ ನಾವಷ್ಟೇ ಇದ್ದೆವು. ಮೂಲೆಯ ಹಗ್ಗದ ಮೇಲೆ ಹಳೆ ಸೀರೆಯ ತುಂಡುಗಳು ಸಾಲಾಗಿ ನೇತಾಡುತ್ತಿದ್ದವು. ಕೊಟ್ಟ ಪ್ಯಾಡ್ ಸಾಲುತ್ತಿರಲಿಲ್ಲ, ಅದಕ್ಕೆ ಬಟ್ಟೆ. ನಮ್ಮ ಕಡೆ ಮಳೆಗಾಲದಲ್ಲಿ ಮನೆಯಲ್ಲಿ ಒಲೆ ಮೇಲೆ ಹಾಕಿದರೂ ಬಟ್ಟೆ ಒಣಗುವುದಿಲ್ಲ, ನಿಮಗೇ ಗೊತ್ತು. ಅಲ್ಲಿ ಒಲೆ ಎಲ್ಲಿಂದ ಬರಬೇಕು? ಒದ್ದೆ ಬಟ್ಟೆಯನ್ನೇ ಹಾಕಿಕೊಳ್ಳುತ್ತಿದ್ದರು. ಒಬ್ಬರಿಗೆ ಹುಣ್ಣಾಗಿ ಮೂರು ವಾರ ಆಗಿತ್ತು. ಡಾಕ್ಟರ್ ಗಂಡಸಾದ್ದರಿಂದ ಹೇಳಿಕೊಂಡಿರಲಿಲ್ಲ. ಹೋದ ಸಲ ನನಗಾದರೂ ಹೇಳಬಹುದಿತ್ತಲ್ಲ ಅಂದೆ. "ನೀವು ಹೋದ ಮೇಲೆ ಬೀಗ ಹಾಕೋದು ಅವರೇ ಅಲ್ವಾ ಮೇಡಂ?" ಅಂದರು.

ಜಿಲ್ಲಾ ನ್ಯಾಯಾಧೀಶರಿಗೆ ಬರೆದು ಕೊಟ್ಟೆ. ಹದಿನೈದು ದಿನದಲ್ಲಿ ಪ್ಯಾಡ್ ಬಂತು, ಲೇಡಿ ಡಾಕ್ಟರ್ ಕೂಡ ಬಂದರು. ಆ ಮರ ಬೀಳದೆ ಇದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ನೆನೆದರೂ ನನಗೆ ಸಂಕಟವಾಗುತ್ತದೆ.

ಇನ್ನು ಯಾರಿಗೆ ಅಧಿಕಾರವಿದೆ ಅನ್ನುವುದು. ಜೈಲುಗಳಿಗೆ ಸಂದರ್ಶಕರ ಮಂಡಳಿ ಅಂತ ಇರುತ್ತದೆ. ಅದರಲ್ಲಿ ಜಿಲ್ಲಾ ನ್ಯಾಯಾಧೀಶರು, ಡಿಸಿ ಇಂಥವರ ಜೊತೆಗೆ ಸರ್ಕಾರಿ ಕೆಲಸದಲ್ಲಿಲ್ಲದ ಹೊರಗಿನವರೂ ಇರಬೇಕು. ಈ ಹೊರಗಿನವರನ್ನು ನೇಮಿಸುವ ಬಗ್ಗೆ ಸುಪ್ರೀಂ ಕೋರ್ಟ್ 2015ರಲ್ಲಿ, ಡಿ.ಕೆ. ಬಸು ಪ್ರಕರಣದಲ್ಲಿ, ರಾಜ್ಯಗಳಿಗೆ ಮತ್ತೆ ಹೇಳಬೇಕಾಗಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಯಾವ ಜೈಲಿಗೆ ಬೇಕಾದರೂ ಹೋಗಬಹುದು. ಮೊದಲು ರಾಜ್ಯ ಸರ್ಕಾರಕ್ಕೆ ತಿಳಿಸಿ ಹೋಗಬೇಕಿತ್ತು, 2006ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಹೆಂಗಸರಿರುವ ಜೈಲುಗಳನ್ನು ನೋಡುವ ಕೆಲಸವನ್ನು 1990ರ ಕಾಯ್ದೆ ರಾಷ್ಟ್ರೀಯ ಮಹಿಳಾ ಆಯೋಗಕ್ಕೂ ಕೊಟ್ಟಿದೆ. 2010ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಬ್ಯಾಂಕಾಕ್ ನಿಯಮಗಳು ಇನ್ನೂ ಸ್ಪಷ್ಟ. ಹೆಂಗಸರ ಜೈಲನ್ನು ಪರಿಶೀಲಿಸುವ ತಂಡದಲ್ಲಿ ಹೆಂಗಸರು ಇರಲೇಬೇಕು, ಪ್ಯಾಡ್ ಪುಕ್ಕಟೆ ಕೊಡಬೇಕು ಅಂತ ಬರೆದಿದೆ.

ಇಷ್ಟೆಲ್ಲಾ ಇದ್ದೂ ಜೈಲಿನ ಹೆಂಗಸರನ್ನು ಎಲ್ಲರೂ ಮರೆಯುವುದಕ್ಕೆ ಒಂದು ಕಾರಣ ಅವರ ಸಂಖ್ಯೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅದರಲ್ಲಿ ಹೆಂಗಸರು 23,772. ನೂರಕ್ಕೆ ನಾಲ್ಕು. ಸಣ್ಣ ಜೈಲಿನಲ್ಲಿ ಐದಾರು ಹೆಂಗಸರಿಗೆ ಅಂತ ಯಾರು ಬೇರೆ ವ್ಯವಸ್ಥೆ ಮಾಡುತ್ತಾರೆ ಹೇಳಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಚಿಂತೆ ಆಗಿರುವುದು ಭಾಷೆಯದ್ದು. ಹಾಡಿಯ, ಅಂದರೆ ಬುಡಕಟ್ಟಿನವರ ಕೇರಿಯ, ಹೆಂಗಸರಿಗೆ ಕನ್ನಡ ಬಂದರೂ ಅಧಿಕಾರಿಗಳ ಮುಂದೆ ಬಾಯಿ ಬರುವುದಿಲ್ಲ. ಎರವರ ಮಾತು ಬಲ್ಲ ಒಬ್ಬ ಹೆಂಗಸು ಜೊತೆಗೆ ಹೋಗಿ ಕೂತರೆ ಅರ್ಧ ಕೆಲಸ ಆದ ಹಾಗೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ವಕೀಲರು ಬೇಕು, ಅವರ ಭಾಷೆ ಬಲ್ಲವರು ಬೇಕು, ವಾರ್ಡರ್ ಕಿವಿಗೆ ಬೀಳದಂತೆ ಮಾತಾಡಿಸಬೇಕು, ಈ ಮೂರನ್ನೂ ಅರ್ಜಿಯಲ್ಲಿ ಬರೆಯಿರಿ. ಹೆಂಗಸರಿಗೆ ವಕೀಲರನ್ನು ಪುಕ್ಕಟೆ ಕೊಡಲೇಬೇಕು, ಆದಾಯ ಎಷ್ಟು ಅಂತ ಕೇಳುವಂತಿಲ್ಲ.

ಕೋರ್ಟಿಗೆ ವಿಡಿಯೋದಲ್ಲಿ ಹಾಜರುಪಡಿಸುತ್ತಿದ್ದರೆ ಒಮ್ಮೆ ಖುದ್ದಾಗಿ ಕರೆಸಲು ವಕೀಲರಿಂದ ಕೇಳಿಸಿ. ಜೈಲಿನೊಳಗೇ ಕೂತು ಕ್ಯಾಮೆರಾ ನೋಡಿಕೊಂಡು ಜೈಲಿನ ಕಷ್ಟ ಹೇಳುವುದು ಯಾರಿಗೂ ಸುಲಭವಲ್ಲ.

ನಿಮ್ಮಿಂದಲೇ ಆಗುವ ಇನ್ನೊಂದು ಕೆಲಸ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಸಾಕು. ಹೋದ ಒಂದು ವರ್ಷದಲ್ಲಿ ಸಂದರ್ಶಕರ ಮಂಡಳಿ ಯಾವ ಯಾವ ದಿನ ಬಂದಿತ್ತು, ಬಂದವರಲ್ಲಿ ಹೆಂಗಸರು ಎಷ್ಟು, ಸಂದರ್ಶಕರ ಪುಸ್ತಕದಲ್ಲಿ ಏನು ಬರೆದರು, ಅದರ ಮೇಲೆ ಏನು ಕ್ರಮ ಆಯಿತು ಎಂದು ಕೇಳಿ. ಯಾವ ಕೈದಿಯ ಹೆಸರನ್ನೂ ಬರೆಯಬೇಡಿ. ನಿಮ್ಮವರ ಮೇಲೆ ಕಣ್ಣು ಬೀಳಬಾರದು.

ಮಗುವಿನ ವಯಸ್ಸು ನೀವು ಬರೆದಿಲ್ಲ. 2006ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಆರು ವರ್ಷದವರೆಗೆ ತಾಯಿಯ ಜೊತೆ ಇರಬಹುದು. ಮಗುವನ್ನು ಕೈದಿಯ ಹಾಗೆ ನೋಡುವಂತಿಲ್ಲ, ಅದರ ಊಟ, ಆರೋಗ್ಯ, ಆಟಪಾಠಕ್ಕೆ ಬೇರೆ ವ್ಯವಸ್ಥೆ ಮಾಡಬೇಕು. ವಯಸ್ಸು ಎಷ್ಟು, ಹಾಲು ಸಿಗುತ್ತಿದೆಯಾ ಎಂದು ಮುಂದಿನ ಸಲ ನೋಡಲು ಹೋದಾಗ ಕೇಳಿಕೊಂಡು ಬಂದು ಇಲ್ಲಿ ಬರೆಯಿರಿ. ಅರ್ಜಿಯನ್ನು ನಾನೇ ಬರೆದು ಕೊಡುತ್ತೇನೆ.