ರೆಡ್‌ವುಡ್ ಕಡ್ಡಿ ಎಲ್ಲಿಂದ ಕತ್ತರಿಸಿದಿರಿ?
ರೆಡ್‌ವುಡ್ ಅನ್ನೋ ಎತ್ತರದ ಮರದ ಹೊಸ ಗಿಡ ಮಾಡೋಕೆ, ದೊಡ್ಡ ಮರದ ಕೊಂಬೆಯಿಂದ ತಂದು ನೆಟ್ಟ ಐದು ಕಡ್ಡಿಯೂ ತಿಂಗಳಲ್ಲಿ ಒಣಗಿದವು, ತಪ್ಪೆಲ್ಲಿ ಅಂತ ಕೇಳಿದ್ದೀರಿ ಅಲ್ವಾ? ನೀರಿನದ್ದಲ್ಲ, ಬಹುಶಃ ಕಡ್ಡಿಯದ್ದೇ ತಪ್ಪು. ಹಳೇ ಮರದ ಕೊಂಬೆ ಬೇರು ಬಿಡೋದು ಕಷ್ಟ, ಬಿಟ್ಟರೂ ಎಷ್ಟೋ ಸಲ ಗಿಡ ನೆಟ್ಟಗೆ ಏಳದೆ ಕೊಂಬೆಯ ಹಾಗೇ ಅಡ್ಡಡ್ಡ ಬೆಳೆಯುತ್ತದೆ. ನಿಮ್ಮದು ಕರಾವಳಿ ರೆಡ್‌ವುಡ್ (ಕೋಸ್ಟ್ ರೆಡ್‌ವುಡ್) ಅನ್ನೋ ಜಾತಿ ಆದರೆ ಮರದ ಬುಡದಲ್ಲಿ ಚಿಗುರು ಎದ್ದಿರುತ್ತವೆ, ನೆಟ್ಟಗೆ ನಿಂತಿರೋದನ್ನು 10–15 ಸೆಂ.ಮೀ. ಕತ್ತರಿಸಿ, ಕೆಳಗಿನ ಅರ್ಧದ ಎಲೆ ಸವರಿ, ಕಡ್ಡಿಯ ಬುಡಕ್ಕೆ ಬೇರು ಬರಿಸೋ ಹಾರ್ಮೋನ್ ಪುಡಿ ಹಚ್ಚಿ, ಪರ್ಲೈಟ್ (ಹಗುರವಾದ ಬಿಳಿ ಹರಳು) ಬೆರೆಸಿದ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ನೆಡಿ. ಪ್ಲಾಸ್ಟಿಕ್ ಕವರ್ ಮುಚ್ಚಿ ಬೆಳಕಿರುವ ನೆರಳಲ್ಲಿಡಿ, ನೇರ ಬಿಸಿಲಿಗಿಟ್ಟರೆ ಒಳಗೇ ಬೆಂದುಹೋಗುತ್ತದೆ. ಬೇರಿಗೆ ಎರಡು ಮೂರು ತಿಂಗಳಾದರೂ ಬೇಕು. ಸುಮ್ನೆ ಕಿತ್ತು ಕಿತ್ತು ನೋಡಬೇಡಿ. ನಾನು ಹಾಗೆ ಮಾಡಿಯೇ ಎರಡು ಕಡ್ಡಿ ಕಳೆದುಕೊಂಡೆ, ಅಕ್ಕಿಕಾಳಿನಷ್ಟು ಬಿಳಿ ಬೇರು ಮುರಿದು ಕೈಗೇ ಬಂತು.