ನದಿ ಬಿಟ್ಟುಹೋದ ಕಣಿವೆಯ ಊರು

ನಿಮ್ಮ ಯಜಮಾನರಿಗೆ ಜರ್ಮನಿಯ ವಾಲ್ಡಾರ್ಫ್‌ನಲ್ಲಿ ಕೆಲಸ ಸಿಕ್ಕಿದೆ, ಬಾಡಿಗೆ ಮನೆ ಮಾತ್ರ ಮೌವರ್ ಅನ್ನುವ ಹಳ್ಳಿಯಲ್ಲಿ ಅಂತ ಬರೆದಿದ್ದೀರಿ. "ಅಕ್ಕಾ, ಮ್ಯಾಪಲ್ಲಿ ನೋಡಿದರೆ ನಾಲ್ಕು ರಸ್ತೆ, ಒಂದು ರೈಲು ಹಳಿ ಅಷ್ಟೇ ಕಾಣುತ್ತೆ. ಅಲ್ಲಿ ಏನಿದೆ? ಬೇಜಾರಾಗಲ್ವಾ?" ಅಂತ ಕೇಳಿದ್ದೀರಿ. ನಾನು ಈ ಊರಿಗೆ ಬಂದು ಹದಿನಾಲ್ಕು ವರ್ಷವಾಯಿತು. ಮೊದಲ ಚಳಿಗಾಲ ನನಗೂ ಬೇಜಾರಾಗಿತ್ತು. ಸಂಜೆ ನಾಲ್ಕೂವರೆಗೇ ಕತ್ತಲು, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅದು ಕಡಿಮೆಯಾಗಿದ್ದು ಈ ಊರಿನ ನೆಲದ ಕತೆ ಗೊತ್ತಾದ ಮೇಲೆ. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಮೌವರ್ ಅಂದರೆ ಜರ್ಮನ್ ಭಾಷೆಯಲ್ಲಿ ಗೋಡೆ. ಹೈಡೆಲ್‌ಬರ್ಗ್‌ನ ಆಗ್ನೇಯಕ್ಕೆ, ಎಲ್ಸೆನ್ಸ್ ಹೊಳೆಯ ಪಕ್ಕದಲ್ಲಿದೆ. ಜನ ಸುಮಾರು 4,000. ಉತ್ತರಕ್ಕೆ ಓಡನ್‌ವಾಲ್ಡ್‌ನ ಕಾಡು, ಗುಡ್ಡ, ಕೆಂಪು ಮರಳುಗಲ್ಲು. ದಕ್ಷಿಣಕ್ಕೆ ಕ್ರೈಷ್‌ಗೌ ಸೀಮೆಯ ಏರಿಳಿತದ ಹೊಲಗಳು. ಎರಡೂ ಕೂಡುವ ಅಂಚಿನಲ್ಲಿ ನಮ್ಮೂರು.

ನೀವು ಬಂದ ಮೇಲೆ ಒಂದು ವಿಷಯ ಗಮನಿಸಿ. ಹೊಳೆ ಸಣ್ಣದು, ಕಣಿವೆ ಮಾತ್ರ ಅದಕ್ಕೆ ಹೊಂದದಷ್ಟು ಅಗಲ. ಇಷ್ಟು ದೊಡ್ಡ ಕಣಿವೆಯನ್ನು ಈ ಹೊಳೆ ಕೊರೆದಿದ್ದಲ್ಲ. ಬಹಳ ಹಿಂದೆ ನೆಕರ್ ನದಿ ನೆಕರ್‌ಗೆಮ್ಯುಂಡ್ ಅನ್ನುವ ಊರಿನ ಹತ್ತಿರ ದಕ್ಷಿಣಕ್ಕೆ ತಿರುಗಿ, ಮೌವರ್‌ವರೆಗೂ ಬಂದು, ಒಂದು ದೊಡ್ಡ ಸುತ್ತು ಹಾಕಿಕೊಂಡು ವಾಪಸ್ ಹೋಗುತ್ತಿತ್ತು. ಆಮೇಲೆ ಅದು ಅಡ್ಡದಾರಿ ಹಿಡಿದು ನೇರವಾಗಿ ಹರಿಯಿತು. ಬಿಟ್ಟುಹೋದ ಪಾತ್ರದಲ್ಲಿ ಈಗ ಎಲ್ಸೆನ್ಸ್ ಹರಿಯುತ್ತದೆ, ಕೊನೆಗೆ ನೆಕರ್‌ಗೆಮ್ಯುಂಡ್‌ನಲ್ಲಿ ಅದೇ ನೆಕರ್‌ಗೆ ಸೇರುತ್ತದೆ. ಹಳೇ ನದಿ ತಂದು ಹಾಕಿದ ಮರಳು ಮಾತ್ರ ಇಲ್ಲೇ ಉಳಿಯಿತು.

ಆ ಮರಳಿನ ಮೇಲೆ ಲೋಸ್ ಅನ್ನುವ ಹಳದಿ ಮಣ್ಣಿನ ದಪ್ಪ ಹೊದಿಕೆ ಇದೆ. ಹಿಮಯುಗಗಳಲ್ಲಿ ಗಾಳಿ ಹೊತ್ತು ತಂದ ಧೂಳು ಅದು. ಮೆಂತ್ಯ ಹಾಕೋಣ ಅಂತ ಹಿತ್ತಲು ಅಗೆದಾಗ ನನಗೆ ಮೊದಲು ಸಿಕ್ಕಿದ್ದು ಅದೇ. ಒಣಗಿದಾಗ ಬೆರಳಲ್ಲಿ ಉಜ್ಜಿದರೆ ಕಡಲೆಹಿಟ್ಟಿನ ಹಾಗೆ. ಒಳಗೆ ಅಲ್ಲಲ್ಲಿ ಸುಣ್ಣದ ಗಂಟುಗಳು, ಹಸಿ ಶುಂಠಿಯ ಕೊಂಬಿನ ಆಕಾರ. ಜರ್ಮನ್ನರು ಅವನ್ನು ಲೋಸ್ ಮಕ್ಕಳು ಅಂತ ಕರೆಯುತ್ತಾರೆ. ಗಾಡಿ ಚಕ್ರ ತುಳಿದೂ ತುಳಿದೂ, ಮಳೆನೀರು ಕೊಚ್ಚಿ, ಈ ಸೀಮೆಯ ಹಳೇ ದಾರಿಗಳು ಆಳಕ್ಕೆ ಇಳಿದಿವೆ. ಎರಡೂ ಕಡೆ ಮಣ್ಣಿನ ಗೋಡೆ, ಮೇಲೆ ಮರಗಳು. ಥೇಟ್ ನಮ್ಮ ಮಲೆನಾಡಿನ ಓಣಿ. ಮೊದಲ ಸಲ ಅಂಥ ದಾರಿಯಲ್ಲಿ ಇಳಿದಾಗ ನನಗೆ ಅಜ್ಜನ ಮನೆ ನೆನಪಾಗಿ ಗಂಟಲು ಕಟ್ಟಿತು.

ಇನ್ನು 1907ರ ಕತೆ. ಗ್ರಾಫೆನ್‌ರೈನ್ ಅನ್ನುವ ಮರಳು ಗಣಿ ಯೋಸೆಫ್ ರೋಶ್ ಅವರದು. ಅಲ್ಲಿ ಪ್ರಾಣಿಗಳ ಮೂಳೆ ಸಿಗುತ್ತಲೇ ಇತ್ತು. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಓಟೋ ಶೋಟನ್‌ಸಾಕ್ ಸುಮಾರು ಇಪ್ಪತ್ತು ವರ್ಷ ಈ ಗಣಿಯ ಮೇಲೆ ಕಣ್ಣಿಟ್ಟಿದ್ದರು. ಏನೇ ಮೂಳೆ ಸಿಕ್ಕರೂ ಎತ್ತಿಡಿ ಅಂತ ಕೆಲಸಗಾರರಿಗೆ ಹೇಳಿಟ್ಟಿದ್ದರು. ಇಪ್ಪತ್ತು ವರ್ಷ, ಯೋಚನೆ ಮಾಡಿ! ಅಕ್ಟೋಬರ್ 21ರಂದು ಡೇನಿಯಲ್ ಹಾರ್ಟ್‌ಮನ್ ಅನ್ನುವ ಕೂಲಿಯ ಸಲಿಕೆಗೆ ಆದಿಮಾನವನ ಒಂದು ಕೆಳದವಡೆ ಸಿಕ್ಕಿತು. ನೆಲದಿಂದ ಸುಮಾರು 24 ಮೀಟರ್ ಆಳದಲ್ಲಿ. ಎರಡು ತುಂಡಾಗಿತ್ತು, ಎಡಗಡೆ ಹಲ್ಲುಗಳಿಗೆ ಒಂದು ಕಲ್ಲು ಅಂಟಿತ್ತು. "ಇವತ್ತು ನನಗೆ ಆದಾಮ ಸಿಕ್ಕಿದ" ಅಂತ ಸಂಜೆ ಹೋಟೆಲಿನಲ್ಲಿ ಕೂತು ಹೇಳಿದನಂತೆ. ಊರಿನವರು ಈಗಲೂ ಅದನ್ನು ತಮ್ಮ ಆಡುಮಾತಿನಲ್ಲೇ ಹೇಳಿ ಖುಷಿಪಡುತ್ತಾರೆ.

ಮರುವರ್ಷ ಶೋಟನ್‌ಸಾಕ್ ಅದಕ್ಕೆ ಹೋಮೋ ಹೈಡೆಲ್‌ಬರ್ಗೆನ್ಸಿಸ್, ಅಂದರೆ ಹೈಡೆಲ್‌ಬರ್ಗ್‌ನ ಮಾನವ, ಅಂತ ಹೆಸರಿಟ್ಟರು. ಸಿಕ್ಕಿದ್ದು ನಮ್ಮೂರಲ್ಲಿ, ಹೆಸರು ಹೈಡೆಲ್‌ಬರ್ಗ್‌ಗೆ. ನನಗೆ ಅದು ಈಗಲೂ ಸರಿ ಅನಿಸಿಲ್ಲ. ಆದರೂ ತಜ್ಞರು ಆ ದವಡೆಯನ್ನು "ಮೌವರ್ 1" ಅಂತಲೇ ಕರೆಯುತ್ತಾರೆ, ಅಷ್ಟು ಸಮಾಧಾನ. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅದರ ವಯಸ್ಸು ಸುಮಾರು 6,09,000 ವರ್ಷ, ಹೆಚ್ಚುಕಡಿಮೆ 40,000. ಅದೇ ಮರಳಲ್ಲಿ ಆನೆ, ಘೇಂಡಾಮೃಗ, ಸಿಂಹ, ನೀರಾನೆಗಳ ಮೂಳೆಯೂ ಸಿಕ್ಕಿವೆ. ನೀವು ಜನವರಿಯಲ್ಲಿ ನಡುಗುತ್ತಾ ರೈಲಿಗೆ ಕಾಯುವ ಜಾಗದ ಹತ್ತಿರವೇ ಆಗ ನೀರಾನೆಗಳು ಈಜುತ್ತಿದ್ದವು.

ಮೂಲ ದವಡೆ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದೆ. ನಮ್ಮೂರ ಮ್ಯೂಸಿಯಮ್ಮಿನಲ್ಲಿ ಅದರ ಅಚ್ಚು ಇದೆ. ಮೂಳೆ ಬಹಳ ದಪ್ಪ, ಹಲ್ಲು ಮಾತ್ರ ಹೆಚ್ಚುಕಡಿಮೆ ನಮ್ಮಷ್ಟೇ. ಗದ್ದ ಇಲ್ಲವೇ ಇಲ್ಲ, ಮುಂದುಗಡೆ ಹಾಗೇ ಹಿಂದಕ್ಕೆ ಇಳಿದುಬಿಡುತ್ತದೆ. ನನ್ನ ಮಗಳು ಆಗ ಆರು ವರ್ಷದವಳು. ಅದನ್ನು ನೋಡುತ್ತಾ ತನ್ನ ಗದ್ದ ಮುಟ್ಟಿಕೊಂಡಳು, ಆಮೇಲೆ ಕೈ ಚಾಚಿ ನನ್ನದೂ ಮುಟ್ಟಿ ನೋಡಿದಳು. ಆವತ್ತಿನಿಂದ ಈ ಊರು ಅವಳಿಗೆ ಸ್ವಂತದ್ದಾಯಿತು. ನನಗೂ.

ಉಳಿದ ಇತಿಹಾಸ ಕ್ರೈಷ್‌ಗೌದ ಬೇರೆ ಊರುಗಳ ಹಾಗೇ. ಶತಮಾನಗಳ ಕಾಲ ಸಣ್ಣ ಪಾಳೇಗಾರ ಮನೆತನಗಳ ಕೈಯಲ್ಲಿ, ನೆಪೋಲಿಯನ್ ಕಾಲದಲ್ಲಿ ಬಾಡೆನ್ ಸೀಮೆಗೆ, 1952ರಿಂದ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಕ್ಕೆ. ರೈಲು ಬಂದಿದ್ದು 1862ರಲ್ಲಿ.

ಅದೇ ಹಳಿಯಲ್ಲಿ ನಿಮ್ಮ ಯಜಮಾನರು ಕೆಲಸಕ್ಕೆ ಹೋಗಬೇಕು. ಹೈಡೆಲ್‌ಬರ್ಗ್‌ನಲ್ಲಿ ರೈಲು ಬದಲಿಸಿ ವೀಸ್‌ಲೋಖ್-ವಾಲ್ಡಾರ್ಫ್ ಸ್ಟೇಷನ್ನಿಗೆ. ಸುತ್ತು ಜಾಸ್ತಿ, ಕಾರು ತಗೊಳ್ಳುವವರೆಗೆ ತಾಳಿಕೊಳ್ಳಲಿ. ಬಂದ ಎರಡು ವಾರದೊಳಗೆ ಊರಿನ ರಾಟ್‌ಹೌಸ್‌ನಲ್ಲಿ, ಅಂದರೆ ನಮ್ಮ ಪಂಚಾಯಿತಿ ಕಚೇರಿ ಇದ್ದ ಹಾಗೆ, ವಿಳಾಸ ನೋಂದಾಯಿಸಬೇಕು. ಮನೆ ಓನರ್ ಕೊಡುವ ಪತ್ರ ಮರೆಯಬೇಡಿ. ಸೆಪ್ಟೆಂಬರ್ ಹೊತ್ತಿಗೆ ಬಂದರೆ ಈ ಕಡೆ ಹೊಸ ವೈನ್, ಈರುಳ್ಳಿ ಕೇಕಿನ ಕಾಲ. ನೀವು ಸಸ್ಯಾಹಾರಿ ಅಂದಿರಲ್ಲ, "ಓನೆ ಶ್ಪೆಕ್" ಅಂತ ಕೇಳಿ. ಹಂದಿ ಕೊಬ್ಬು ಬೇಡ ಅಂತ ಅರ್ಥ. ಎದುರಿಗೆ ಸಿಕ್ಕವರಿಗೆಲ್ಲ ನೀವೇ ಮೊದಲು ನಮಸ್ಕಾರ ಹೇಳಿ, ಹಳ್ಳಿ ಇದು.

ಶನಿವಾರ ಬಂದಿಳಿದರೆ ನೇರ ಅಂಗಡಿಗೆ ಹೋಗಿ ಹಾಲು, ತರಕಾರಿ ತಂದಿಟ್ಟುಕೊಳ್ಳಿ, ಭಾನುವಾರ ಎಲ್ಲ ಮುಚ್ಚಿರುತ್ತದೆ. ಭಾನುವಾರ ತಿಂಡಿ ಆದ ಮೇಲೆ ನಾನೇ ಬರುತ್ತೇನೆ. ಗ್ರಾಫೆನ್‌ರೈನ್‌ವರೆಗೆ ನಡೆದುಕೊಂಡು ಹೋಗೋಣ. ಮಣ್ಣಿಗೆ ಆಗುವಂಥ ಶೂ ಹಾಕಿಕೊಂಡಿರಿ.