8 ಇಂಚಿನ ಟೆಲಿಸ್ಕೋಪಿನಲ್ಲಿ ಲುಬ್ಧಕದ ಜೊತೆ ನಕ್ಷತ್ರ ಕಾಣುತ್ತಾ?

ಕಾಣುತ್ತೆ, ಆದರೆ ಗಾಳಿ ಅಲುಗಾಡದೆ ಇರಬೇಕು. ಲುಬ್ಧಕ ಅಂದರೆ ಸಿರಿಯಸ್, ಅದರ ಜೊತೆಗಾರ ಸಿರಿಯಸ್ ಬಿ ಅಷ್ಟೇನೂ ಮಂಕಲ್ಲ, ಕಾಂತಿಮಾನ 8.4 (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು), ಒಂಟಿಯಾಗಿದ್ದಿದ್ದರೆ ಬೈನಾಕ್ಯುಲರಿನಲ್ಲೇ ಸಿಗುತ್ತಿತ್ತು. ಪಕ್ಕದಲ್ಲೇ ಅದಕ್ಕಿಂತ ಸುಮಾರು 9,000 ಪಟ್ಟು ಬೆಳಗುವ ಲುಬ್ಧಕ ಇದೆಯಲ್ಲ, ಅದೇ ತೊಂದರೆ. 1862ರಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಇದನ್ನು ಮೊದಲು ನೋಡಿದ್ದು 18.5 ಇಂಚಿನ ಹೊಸ ಮಸೂರ ಪರೀಕ್ಷಿಸುವಾಗ. ನಮ್ಮ ಅದೃಷ್ಟಕ್ಕೆ, ಇವು ಒಂದನ್ನೊಂದು ಸುತ್ತುವ 50 ವರ್ಷದ ಸುತ್ತಿನಲ್ಲಿ ಈಗ ಎರಡರ ನಡುವೆ ಅಂತರ ಜಾಸ್ತಿ, ಸುಮಾರು 11 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಭಾಗ).

ಮೊದಲು ಒರಾಯನ್ ನಕ್ಷತ್ರಪುಂಜದ ರೈಜೆಲ್ ನಕ್ಷತ್ರದ ಜೊತೆಗಾರನನ್ನು ಹುಡುಕಿ, ಅಂತರ ಹೆಚ್ಚುಕಮ್ಮಿ ಅಷ್ಟೇ. ಅದೂ ಸಿಗದ ರಾತ್ರಿ ಲುಬ್ಧಕದ ತಂಟೆಗೇ ಹೋಗಬೇಡಿ. ಟೆಲಿಸ್ಕೋಪನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ತಣಿಯಲು ಬಿಡಿ, ಲುಬ್ಧಕ ದಕ್ಷಿಣದಲ್ಲಿ ಎತ್ತರಕ್ಕೆ ಬಂದಾಗ (ಕರ್ನಾಟಕದಿಂದ ಸುಮಾರು 60 ಡಿಗ್ರಿ ಏರುತ್ತೆ, ಯುರೋಪಿನವರು ಹೊಟ್ಟೆಕಿಚ್ಚು ಪಡಬೇಕು) 250ರಷ್ಟು ವರ್ಧನೆ ಹಾಕಿ ನೋಡಿ. ನಕ್ಷತ್ರವನ್ನು ಹಿಂಬಾಲಿಸುವ ಮೋಟಾರ್ ಇದ್ದರೆ ಆಫ್ ಮಾಡಿ. ಲುಬ್ಧಕ ಜಾರಿ ನೋಟದ ಅಂಚಿನಾಚೆ ಹೋದ ತಕ್ಷಣ, ಅದರ ಹಿಂದೆಯೇ ಸಣ್ಣ ಚುಕ್ಕಿಯೊಂದು ಅರೆಕ್ಷಣ ಉಳಿಯುತ್ತೆ. ಅದೇ ಸಿರಿಯಸ್ ಬಿ. ಬೆಳದಿಂಗಳಿದ್ದರೂ ಚಿಂತೆಯಿಲ್ಲ.